ಮಾವನಿಗೆ ಹೇಳಿದ ಸಿನಿಮಾಗಳು

ಮದುವೆಯಾಗಿ ಮದ್ದೂರಿಗೆ ಬಂದ ಮೇಲೆ ಎಷ್ಟೋ ವರ್ಷ ನಾನೂ ನನ್ನ ಮಾವನೂ ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಪುಟ ತುಂಬುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. "ಊಟಕ್ಕೆ ಬನ್ನಿ ಮಾವ" ಅಂತ ನಾನು, "ಬಂದೆ ಕಣವ್ವ" ಅಂತ ಅವರು. ಅಲ್ಲಿಗೆ ಮುಗಿಯಿತು. ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಸರ್ವೀಸಿನ ಬಹುಪಾಲು ಮಂಡ್ಯ, ಮದ್ದೂರು, ಮಳವಳ್ಳಿ ರಸ್ತೆಯಲ್ಲೇ ಕಳೆದಿತ್ತು. ಚಾಲಕರೊಂದಿಗೆ ಮಾತನಾಡಬಾರದು ಅಂತ ಬಸ್ಸಿನಲ್ಲಿ ಬರೆದಿರುತ್ತಾರಲ್ಲ, ಅಪ್ಪ ರಿಟೈರಾದ ಮೇಲೂ ಅದನ್ನೇ ಪಾಲಿಸ್ತಿದ್ದಾರೆ ಅಂತ ನನ್ನ ಗಂಡ ತಮಾಷೆ ಮಾಡುತ್ತಿದ್ದರು.

ನಾನು ಇಲ್ಲಿನ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮಂಡ್ಯದಿಂದ ಬರುವ ಒಂದು ಸಣ್ಣ ದಿನಪತ್ರಿಕೆಗೆ ಸಿನಿಮಾ ವಿಮರ್ಶೆಯನ್ನೂ ಬರೆಯುತ್ತೇನೆ. ಈ ಎರಡನೆಯ ಕೆಲಸ ನನಗೆ ಅಂಟಿಕೊಂಡದ್ದು ಒಂದು ಮದುವೆ ಮನೆಯ ಊಟದ ಸಾಲಿನಲ್ಲಿ. ಪಕ್ಕದಲ್ಲಿ ಕೂತಿದ್ದ ಪತ್ರಿಕೆಯ ಸಂಪಾದಕರು, "ಬೆಂಗಳೂರಿನೋರು ಬರೆದಿದ್ದನ್ನೇ ನಾವೂ ಹಾಕೋದಾದ್ರೆ ನಮ್ಮ ಪತ್ರಿಕೆ ಯಾಕೆ ಬೇಕು ಮೇಡಂ? ನಮ್ಮ ಟಾಕೀಸಲ್ಲಿ, ನಮ್ಮ ಜನದ ಮಧ್ಯೆ ಕೂತು ನೋಡಿ ಬರೀರಿ" ಅಂದರು. ಬಾಯಲ್ಲಿ ಪಾಯಸ ಇತ್ತು, ತಲೆಯಾಡಿಸಿದೆ. ಶುಕ್ರವಾರ ಮಧ್ಯಾಹ್ನ ನನಗೆ ತರಗತಿ ಇರುತ್ತಿರಲಿಲ್ಲ. ಮ್ಯಾಟಿನಿ ನೋಡಿ ಸಂಜೆ ಬರೆದು ಕಳಿಸಿದರೆ ಶನಿವಾರ ಬೆಳಿಗ್ಗೆ ಅಚ್ಚಾಗುತ್ತಿತ್ತು. ನನ್ನ ಗಂಡನಿಗೆ ಸೋಮನಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟು. ಅದಿಲ್ಲದ ದಿನವೂ ಅವರನ್ನು ಸಿನಿಮಾಗೆ ಕರೆದುಕೊಂಡು ಹೋಗುವುದು ದಂಡ. ದೀಪ ಆರಿದ ಕೂಡಲೇ ನಿದ್ದೆ ಹೋಗುವ ಮನುಷ್ಯ. ಹಾಗಾಗಿ ಒಬ್ಬಳೇ ಹೋಗಿಬರುತ್ತಿದ್ದೆ.

ಮಾವನಿಗೆ ಕಣ್ಣು ಹೋದದ್ದು ಒಂದೇ ಸಲಕ್ಕಲ್ಲ. ಮೊದಲು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಆಮೇಲೆ ತಟ್ಟೆಯ ಪಕ್ಕದಲ್ಲಿಟ್ಟ ಲೋಟಕ್ಕೆ ಕೈ ತಡವುತ್ತಿದ್ದರು. ಯಾರಿಗೂ ಹೇಳಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ, ಹೋದದ್ದು ಇನ್ನು ಬರುವುದಿಲ್ಲ ಅಂದರು. ಬೆಳಕೋ ಕತ್ತಲೋ ಅನ್ನುವುದಷ್ಟೇ ಉಳಿಯಿತು. ಆಮೇಲೆ ಅವರು ಬೆಳಗಿನಿಂದ ಸಂಜೆಯವರೆಗೆ ಜಗಲಿಯ ಮೇಲೆ ಕೂತಿರುವುದಕ್ಕೆ ಶುರುಮಾಡಿದರು. ರೇಡಿಯೋ ಹಾಕಿಕೊಟ್ಟರೆ ಕೇಳುತ್ತಿದ್ದರು, ಆರಿಸಿದರೆ ಸುಮ್ಮನಿರುತ್ತಿದ್ದರು.

ಅತ್ತೆಯದು ಇದಕ್ಕೆ ತದ್ವಿರುದ್ಧ. ಬೆಸಗರಹಳ್ಳಿಯ ಹೆಣ್ಣುಮಗಳು. ಮಾತು ಒರಟು, ಕೈ ಧಾರಾಳ. ಸೊಪ್ಪಿನವಳ ಹತ್ತಿರ ಬಾಯಿಗೆ ಬಂದಂತೆ ಜಗಳವಾಡಿ, ಅವಳನ್ನೇ ಕೂರಿಸಿಕೊಂಡು ಮುದ್ದೆ ಉಣ್ಣಿಸಿ ಕಳಿಸುವವರು. ಸಿನಿಮಾ ಅಂದರೆ ಮಾತ್ರ ಮೂಗು ಮುರಿಯುತ್ತಿದ್ದರು. ನಾನು ಕಂಡಂತೆ ಒಂದು ಸಲವೂ ಟಾಕೀಸಿನ ಮೆಟ್ಟಿಲು ಹತ್ತಿರಲಿಲ್ಲ.

ಅಂಥವರೇ ಒಂದು ಶುಕ್ರವಾರ ನಾನು ಹೊರಟು ನಿಂತಾಗ ಹೇಳಿದರು. "ನಿನ್ ಮಾವುನ್ನೂ ಒಸಿ ಕರ್ಕೊಂಡೋಗು ಕಣಮ್ಮಿ. ಇಲ್ಲೇ ಕುಂತು ಕುಂತು ಜಗಲಿ ಸವೀತಾ ಐತೆ."

ನಾನು ಅಡುಗೆಮನೆಗೆ ಹೋಗಿ ದನಿ ತಗ್ಗಿಸಿ, "ಅತ್ತೆ, ಅವರಿಗೆ ಕಾಣಲ್ಲವಲ್ಲ" ಅಂದೆ.

ಜಗಲಿಯಿಂದ ಉತ್ತರ ಬಂತು. "ಕಾಣಾಕಿಲ್ಲ ಅನ್ನೋದ್ನ ಮೆಲ್ಲಗ್ಯಾಕವ್ವ ಯೋಳೀಯೆ? ನಂಗೆ ಗೊತ್ತಿಲ್ವಾ? ಕಿವಿ ಕೇಳ್ತದೆ ಬುಡು. ಲೇ ಅಮ್ಮಿ, ನನ್ ಬಿಳೀ ಸರ್ಟು ಕೊಡು."

ಅವರು ಹಾಗೆ ತಾವಾಗಿ ಏನನ್ನಾದರೂ ಕೇಳಿ ಎಷ್ಟೋ ತಿಂಗಳಾಗಿತ್ತು. ಅತ್ತೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬೀರುವಿನ ಕಡೆ ಓಡಿದರು.

ಅವತ್ತು ಬಿಡುಗಡೆಯಾಗಿದ್ದದ್ದು ಹೊಡೆದಾಟದ ಸಿನಿಮಾ. ನಾನು ಮಾವನ ಬಲಗಡೆ ಕೂತು ಕಿವಿಯ ಹತ್ತಿರ ಬಾಗಿ ಹೇಳಲು ಶುರುಮಾಡಿದೆ. ನನಗೆ ತಿಳಿದದ್ದು ಪಾಠ ಹೇಳುವ ರೀತಿ ಒಂದೇ. "ಈಗ ನಾಯಕ ಬರ್ತಿದ್ದಾನೆ, ಕಪ್ಪು ಅಂಗಿ ಹಾಕಿದ್ದಾನೆ, ಎದುರಿಗೆ ಇಪ್ಪತ್ತು ಜನ, ಒಬ್ಬನ ಕೈಯಲ್ಲಿ ಮಚ್ಚು..." ಇಷ್ಟು ಹೇಳುವುದರೊಳಗೆ ಆ ಇಪ್ಪತ್ತು ಜನವೂ ನೆಲ ಕಚ್ಚಿರುತ್ತಿದ್ದರು. ನಾನು ಇನ್ನೂ ಹೊಡೆದಾಟ ನಡೆದ ಗೋದಾಮಿನಲ್ಲಿದ್ದರೆ ಸಿನಿಮಾ ಹಾಡಿಗೆ ಹೋಗಿರುತ್ತಿತ್ತು. ಮಾವ ಪದೇ ಪದೇ, "ಈಗ ಬಿದ್ದೋನು ಯಾರು? ನಮ್ಮೋನಾ, ಅವ್ರೋನಾ?" ಅಂತ ಕೇಳುತ್ತಿದ್ದರು. ಇಂಟರ್‌ವಲ್ಲಿನ ಹೊತ್ತಿಗೆ ನನ್ನ ಗಂಟಲು ಒಣಗಿತ್ತು, ಅವರಿಗೆ ತಲೆ ನೋಯುತ್ತಿತ್ತು.

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು. "ಎಂಗಿತ್ತು ಪಿಚ್ಚರ್ರು?"

"ಪಾತ್ರೆ ಅಂಗಡಿ ಅಟ್ಟ ಮುರ್ಕೊಂಡ್ ಬಿದ್ದಂಗಿತ್ತು" ಅಂದರು ಮಾವ.

ಇನ್ನು ಬರುವುದಿಲ್ಲ ಅನ್ನುತ್ತಾರೆ ಅಂದುಕೊಂಡೆ. ಆದರೆ ಮರುದಿನ ಬೆಳಿಗ್ಗೆ ಪೇಪರ್ ಬಂದ ತಕ್ಷಣ ಕರೆದರು. "ನೀನೇನ್ ಬರ್ದಿದ್ದೀಯೆ, ಓದವ್ವ."

ಓದಿದೆ. ಛಾಯಾಗ್ರಹಣ ಗಮನಾರ್ಹ, ಚಿತ್ರಕಥೆಯಲ್ಲಿ ಇನ್ನಷ್ಟು ಬಿಗಿ ಬೇಕಿತ್ತು, ನಾಯಕನ ಅಭಿನಯದಲ್ಲಿ ಮಾಗಿದ ಲಕ್ಷಣ ಇದೆ, ಹೀಗೆಲ್ಲ ಬರೆದಿದ್ದೆ. ಕೊನೆಯ ಸಾಲಿನವರೆಗೂ ಕೇಳಿದರು. ಆಮೇಲೆ, "ಎಲ್ಲಾ ಸರಿ. ಜನ ಓಗ್ಬೇಕೋ ಬ್ಯಾಡ್ವೋ ಅದ್ನ ಎಲ್ಲಿ ಬರ್ದಿದ್ದೀಯೆ?" ಅಂದರು.

ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. "ವಿಮರ್ಶೆ ಅಂದ್ರೆ ಹಂಗೆ ನೇರವಾಗಿ ಹೇಳೋದಲ್ಲ ಮಾವ. ಬೇರೆಯೋರು ಏನ್ ಬರ್ದಿದ್ದಾರೆ ಕೇಳಿ" ಅಂತ ಫೋನು ತೆಗೆದು, ಬೆಂಗಳೂರಿನ ವಿಮರ್ಶಕರು ಬರೆದದ್ದನ್ನು ಒಂದೊಂದಾಗಿ ಓದಿದೆ. ಒಬ್ಬರಿಗೆ ಅದು ಕನ್ನಡ ಚಿತ್ರರಂಗದ ಹೊಸ ಹೆಜ್ಜೆ. ಇನ್ನೊಬ್ಬರಿಗೆ ಎರಡೂವರೆ ಗಂಟೆಯ ಶಿಕ್ಷೆ. ಒಬ್ಬರು ನಾಲ್ಕು ನಕ್ಷತ್ರ ಕೊಟ್ಟಿದ್ದರು, ಇನ್ನೊಬ್ಬರು ಒಂದೂವರೆ. ಯೂಟ್ಯೂಬಿನ ಹುಡುಗನೊಬ್ಬ ಟಾಕೀಸಿನ ಗೇಟಿನಲ್ಲೇ ನಿಂತು ನಾಯಕನ ಹೆಸರು ಕೂಗುತ್ತಾ ಕುಣಿಯುತ್ತಿದ್ದ.

ಮಾವ ಗೋಡೆಗೆ ಒರಗಿ ಜೋರಾಗಿ ನಕ್ಕರು. ಕಣ್ಣು ಹೋದ ಮೇಲೆ ನಾನು ಕೇಳಿದ ಮೊದಲ ನಗು ಅದು. "ಒಂದೇ ಬಸ್ಸಲ್ಲಿ ಬಂದಿಳ್ದೋರು ಇವ್ರೆಲ್ಲ. ಒಬ್ಬ ಡ್ರೈವರ್ ಚೆಂದಾಗ್ ಓಡ್ಸುದ ಅಂತಾನೆ, ಇನ್ನೊಬ್ಬ ಸೊಂಟ ಮುರುದ ಅಂತಾನೆ. ನಂಗೇನ್ ಒಸದಾ ಇದು? ಮುಂದಿನ್ ವಾರ ಯಾವ್ದೈತೆ?"

ಹೀಗೆ ಶುಕ್ರವಾರ ನಮ್ಮಿಬ್ಬರದಾಯಿತು.

ಸಿನಿಮಾ ಹೇಳುವುದನ್ನು ನನಗೆ ಕಲಿಸಿದವರು ಅವರೇ, ಬೈದು ಬೈದು ಕಲಿಸಿದರು. ಎರಡನೆಯದೋ ಮೂರನೆಯದೋ ಸಿನಿಮಾದಲ್ಲಿ ನಾನು ಮನೆಯ ಗೋಡೆ, ಕಾರಿನ ಬಣ್ಣ ಎಲ್ಲ ಹೇಳುತ್ತಿದ್ದಾಗ ತಡೆದರು. "ಕಾರ್ ಬುಡು. ಅದ್ರ ಸದ್ದು ಕೇಳ್ತದೆ. ಒಡೆಯೋದೂ ಕೇಳ್ತದೆ. ಒಡೆಸ್ಕೊಂಡೋನ ಮೊಕ ಎಂಗೈತೆ ಅಂತ ಯೋಳು." ಅವತ್ತಿನಿಂದ ಮುಖ ನೋಡಲು ಶುರುಮಾಡಿದೆ. ಎಷ್ಟೋ ವರ್ಷದಿಂದ ಸಿನಿಮಾ ನೋಡುತ್ತಿದ್ದೆ, ಬರೆಯುತ್ತಿದ್ದೆ. ಆದರೂ ಮಾತಾಡುವವರನ್ನು ಬಿಟ್ಟು ಪಕ್ಕದಲ್ಲಿ ಸುಮ್ಮನೆ ನಿಂತವರ ಮುಖ ನೋಡಿದ್ದು ಕಡಿಮೆ. ಅಪ್ಪ ಮಗನನ್ನು ಬೈಯುವಾಗ ತಾಯಿ ಏನು ಮಾಡುತ್ತಿದ್ದಾಳೆ ಅಂತ ಮಾವ ಕೇಳುವರು. ನೋಡಿದರೆ ಆ ತಾಯಿ ಪಾತ್ರದಾಕೆ ಏನೂ ಮಾಡದೆ, ತನ್ನ ಸರದಿಗೆ ಕಾಯುವವಳ ಹಾಗೆ ನಿಂತಿರುತ್ತಿದ್ದಳು. "ಸುಮ್ಕೆ ನಿಂತವ್ಳೆ ಮಾವ" ಅಂದರೆ, "ಅಂಗಾರೆ ಅವ್ಳು ತಾಯಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತಿದ್ದರು.

ನನ್ನ ಬರವಣಿಗೆಯಿಂದ ಗಮನಾರ್ಹ, ಮಾಗಿದ, ಬಿಗಿಯಾದ ಮುಂತಾದ ಮಾತುಗಳು ಮೆಲ್ಲಗೆ ಉದುರತೊಡಗಿದವು. ಸಂಪಾದಕರು ಒಂದು ದಿನ ಫೋನು ಮಾಡಿ, "ಏನ್ ಮೇಡಂ, ಈಚೆಗೆ ನೀವು ಬರೆಯೋದು ನಮ್ಮ ಮನೆಯೋರಿಗೂ ಅರ್ಥ ಆಗ್ತಿದೆ" ಅಂದರು. ಹೊಗಳಿಕೆ ಅಂತಲೇ ತೆಗೆದುಕೊಂಡೆ.

ದೆವ್ವದ ಸಿನಿಮಾಗೆ ಹೋದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮದ್ದೂರಿನ ಟಾಕೀಸಿನಲ್ಲಿ ಆ ಮಧ್ಯಾಹ್ನ ಬಹಳ ಜನ ಇರಲಿಲ್ಲ. ನಮ್ಮ ಮುಂದಿನ ಸಾಲಿನಲ್ಲಿ ಹೊಸದಾಗಿ ಮದುವೆಯಾದ ಜೋಡಿ ಕೂತಿತ್ತು. ಹಾಳು ಬಂಗಲೆ, ಕಿರುಗುಟ್ಟುವ ಬಾಗಿಲು, ನಾಯಕಿ ಒಬ್ಬಳೇ ಮೇಲಿನ ಮಹಡಿಗೆ ಹೋಗುತ್ತಿದ್ದಾಳೆ. ನಾನು ಮೆಲ್ಲಗೆ ಹೇಳುತ್ತಿದ್ದೆ. "ಮೆಟ್ಟಿಲು ಹತ್ತುತ್ತಿದ್ದಾಳೆ ಮಾವ. ಅವಳ ಹಿಂದೆ ಗೋಡೆ ಮೇಲೆ ಅವಳ ನೆರಳು ಇದೆ. ಅವಳು ನಿಂತಳು. ನೆರಳು ನಿಲ್ಲಲಿಲ್ಲ."

"ಅಯ್ಯೋ!" ಅಂತ ಮುಂದಿನಿಂದ ದನಿ ಬಂತು. ಆ ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ತಲೆಯನ್ನು ಹಿಂದಕ್ಕೆ ವಾಲಿಸಿ ನನ್ನ ಮಾತನ್ನೇ ಕೇಳುತ್ತಿದ್ದಳು. "ಆಮೇಲೆ ಏನಾಯ್ತು ಅಕ್ಕ? ನಾನು ಕಣ್ಣು ಬಿಡಲ್ಲ, ನೀವೇ ಹೇಳಿ" ಅಂದಳು.

ಹಿಂದಿನಿಂದ ಒಬ್ಬ ಗದರಿದ. "ಯಾರ್ರೀ ಅದು ಕಾಮೆಂಟ್ರಿ ಕೊಡ್ತಿರೋದು?"

ನಾನು ಸುಮ್ಮನಾದೆ. ಮಾವ ಸೀಟಿನಲ್ಲೇ ತಿರುಗಿ, "ನಂಗೆ ಕಣ್ಣು ಕಾಣಾಕಿಲ್ಲ ಕಣಪ್ಪ. ನಮ್ ಸೊಸೆ ಯೋಳ್ತಾವ್ಳೆ. ಬ್ಯಾಡ ಅಂದ್ರೆ ನಿಲ್ಲುಸ್ತೀವಿ" ಅಂದರು. ದನಿಯಲ್ಲಿ ಬೇಸರವಾಗಲಿ, ಕರುಣೆ ಬೇಡುವುದಾಗಲಿ ಇರಲಿಲ್ಲ. ಬಸ್ಸಿನಲ್ಲಿ ಹಿಂದೆ ಹೋಗಿ ಅನ್ನುವ ಹಾಗೆ ಹೇಳಿದರು. ಆಮೇಲೆ ಗದರಿದವನೇ, "ಹೇಳಮ್ಮ, ಹೇಳು. ಒಸಿ ಜೋರಾಗೇ ಹೇಳು" ಅಂದ. ಇಂಟರ್‌ವಲ್ ಆದ ಮೇಲೆ ನೋಡಿದರೆ ಅವನೂ ಅವನ ಗೆಳೆಯನೂ ಎದ್ದು ಬಂದು ನಮ್ಮ ಸಾಲಿನಲ್ಲೇ ಕೂತಿದ್ದರು.

ಆ ಸಿನಿಮಾವನ್ನು ಎಲ್ಲ ವಿಮರ್ಶಕರೂ ಹಳಿದಿದ್ದರು. ಮಾವನಿಗೆ ಬಹಳ ಹಿಡಿಸಿತು. "ನೀನ್ ಯೋಳಿದ್ ನೆರಳು ಚೆಂದಾಗಿತ್ತು" ಅಂದರು. ನಾನು ಸಿನಿಮಾಗೆ ಎಷ್ಟು ಅಂಕ ಕೊಡಬೇಕು, ನನಗೆ ಎಷ್ಟು ಕೊಟ್ಟುಕೊಳ್ಳಬೇಕು ಗೊತ್ತಾಗದೆ, ಹೆದರುವ ಹೆಂಗಸರು ಕಣ್ಣು ಮುಚ್ಚಿಕೊಂಡೂ ಸಂತೋಷಪಡಬಹುದಾದ ಚಿತ್ರ ಅಂತ ಬರೆದೆ.

ಎಲ್ಲ ಶುಕ್ರವಾರವೂ ಹಾಗಿರುತ್ತಿರಲಿಲ್ಲ. ಒಂದು ನಗೆ ಸಿನಿಮಾ ನೋಡಲು ಮಂಡ್ಯಕ್ಕೇ ಹೋಗಿದ್ದೆವು. ನಮ್ಮ ಕಡೆಯ ಕತೆ, ನಮ್ಮ ಕಡೆಯ ಮಾತು ಅಂತ ಬಿಡುಗಡೆಗೆ ಮೊದಲೇ ಸುದ್ದಿಯಾಗಿತ್ತು. ಟಾಕೀಸು ತುಂಬಿತ್ತು. ಮೊದಲರ್ಧದಲ್ಲಿ ಮಾವ ಎಲ್ಲರಿಗಿಂತ ಜೋರಾಗಿ ನಕ್ಕರು. ಎರಡನೆಯ ಅರ್ಧದಲ್ಲಿ ಒಂದು ದೃಶ್ಯ. ಕತೆಯ ಹುಡುಗನ ತಾಯಿ ಗದ್ದೆಯ ಬದುವಿನ ಮೇಲೆ ಕುಸಿದಿದ್ದಾಳೆ. ಅವನು ರಸ್ತೆಗೆ ಬಂದು, "ಯಾರಾರ ಬನ್ರಪ್ಪಾ, ನಮ್ಮವ್ವ ಮಾತಾಡ್ತಿಲ್ಲ ಕಣ್ರಪ್ಪಾ" ಅಂತ ಕೂಗುತ್ತಾನೆ. ಜನ ಆಗಲೂ ನಕ್ಕರು. ಅಷ್ಟು ಹೊತ್ತು ಆ ಬಾಯಿಂದ ಬಂದದ್ದಕ್ಕೆಲ್ಲ ನಕ್ಕು ಅಭ್ಯಾಸವಾಗಿತ್ತು. ಸಂಗೀತವೂ ನಗುವುದಕ್ಕೆ ತಾಳ ಹಾಕುವ ಹಾಗೇ ಇತ್ತು.

ಮಾವ ನನ್ನ ಕೈ ಅಲುಗಿಸಿದರು. "ಯಾಕೆ ನಗ್ತಾವ್ರೆ? ಅವ್ನು ಏನಾರ ಬಿದ್ನಾ?"

"ಇಲ್ಲ ಮಾವ. ಸುಮ್ಮನೆ ಕೂಗುತ್ತಿದ್ದಾನೆ."

"ಮತ್ತೆ ನಗೋಕೇನೈತೆ? ಅವ್ವ ಬಿದ್ದವ್ಳೆ ಅಂತಾವ್ನೆ."

ಅಲ್ಲಿಂದಾಚೆ ಅವರು ನಗಲಿಲ್ಲ. ಮರುದಿನ ನಾನು ಬೇರೆಯವರ ವಿಮರ್ಶೆಗಳನ್ನು ಓದಿ ಹೇಳಿದೆ. ಬಹುತೇಕ ಎಲ್ಲರೂ ಮಂಡ್ಯದ ಭಾಷೆಯ ಸೊಗಡು ಚಿತ್ರದ ಜೀವಾಳ ಅಂತ ಬರೆದಿದ್ದರು. ಮಾವ ಅವರೆಕಾಯಿ ಸುಲಿಯುತ್ತಿದ್ದರು. ಅದು ಕಣ್ಣಿಲ್ಲದೆಯೂ ಅವರು ಮಾಡಬಲ್ಲ ಕೆಲಸ. ಒಂದು ಕಾಯಿಯನ್ನು ಎತ್ತಿ ನನ್ನ ಕಡೆ ಹಿಡಿದು, "ಸೊಗಡು ಅಂದ್ರೆ ಇದ್ರುದು ಕಣವ್ವ. ಮಾತ್ಗೆ ಎಂಥ ಸೊಗಡು? ನಾವು ಮಾತಾಡೋದು ನಗುಸಾಕಾ?" ಅಂದರು. ನಾನು ಆ ವಾರದ ವಿಮರ್ಶೆಯನ್ನು ಆಗಲೇ ಕಳಿಸಿಯಾಗಿತ್ತು. ಆದರೆ ಭಾನುವಾರದ ಪುರವಣಿಗೆ ಇನ್ನೊಂದು ಸಣ್ಣ ಬರಹ ಬರೆದು, ಮಾವ ನಗದೆ ಕೂತ ಆ ಒಂದು ದೃಶ್ಯದ ಬಗ್ಗೆ ಮಾತ್ರ ಹೇಳಿದೆ. ಮಳವಳ್ಳಿಯಿಂದ ನನ್ನ ಅಮ್ಮ ಫೋನು ಮಾಡಿದಳು. "ನಿಮ್ ಮಾವುನ್ಗೆ ಯೋಳು, ನಾನೂ ಅಲ್ಲಿ ನಗ್ನಿಲ್ಲ ಅಂತ." ಹೇಳಿದೆ. ಅವರಿಗೆ ಸಮಾಧಾನವಾದಂತೆ ಕಂಡಿತು.

ಅಮ್ಮ ಆಗ ಮಳವಳ್ಳಿಯಲ್ಲಿ ನನ್ನ ತಮ್ಮನ ಜೊತೆ ಇದ್ದಳು. ಅಪ್ಪ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಅವಳನ್ನು ನೋಡಿಬರಲು ಹೊರಟಾಗ ಮಾವ, "ನಾನೂ ಬತ್ತೀನಿ. ಅಲ್ಲೂ ಟಾಕೀಸೈತಲ್ಲ" ಅಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರನ್ನು ಕೂರಿಸಿದೆ. ಆ ರಸ್ತೆ ಅವರ ಕೈಯಲ್ಲಿ ಓಡಿದ್ದು. ಮದ್ದೂರು ದಾಟಿದ ಮೇಲೆ ಅವರು ನನಗೆ ಹೇಳಲು ಶುರುಮಾಡಿದರು. "ಈಗೊಂದು ತಿರುವು. ಬಲಕ್ಕೊಂದು ದೊಡ್ ಅರಳೀಮರ ಬತ್ತದೆ."

"ಮರ ಇಲ್ಲ ಮಾವ. ಕಲ್ಯಾಣ ಮಂಟಪ ಆಗಿದೆ."

"ಔದಾ? ಎಂಗೈತೆ?"

"ಗುಲಾಬಿ ಬಣ್ಣ. ಮುಂದೆ ಎರಡು ಆನೆ ಮಾಡಿಸಿದ್ದಾರೆ. ಒಂದರ ಸೊಂಡಿಲು ಮುರಿದಿದೆ."

ಮಾವ ನಕ್ಕರು. ಇಡೀ ದಾರಿ ಹೀಗೇ ನಡೆಯಿತು. ಅವರು ಇದ್ದದ್ದನ್ನು ಹೇಳುತ್ತಿದ್ದರು, ನಾನು ಇರುವುದನ್ನು ಹೇಳುತ್ತಿದ್ದೆ. ಮಳವಳ್ಳಿ ಬಂದದ್ದೇ ಗೊತ್ತಾಗಲಿಲ್ಲ.

ಆ ಸಂಜೆ ನೋಡಿದ್ದು ವಯಸ್ಸಾದ ಗಂಡ ಹೆಂಡತಿಯ ಕತೆ. ಅರ್ಧದಲ್ಲಿ ಹೆಂಡತಿ ಸತ್ತುಹೋಗುತ್ತಾಳೆ. ಆಮೇಲೆ ಬಹಳ ಹೊತ್ತು ಸಿನಿಮಾದಲ್ಲಿ ಮಾತೇ ಇಲ್ಲ, ಸಂಗೀತವೂ ಇಲ್ಲ. ಮಾವ ನನ್ನ ಕಡೆ ತಲೆ ಬಾಗಿಸಿ ಕಾಯುತ್ತಿದ್ದರು.

"ಅವರು ಬೀರು ತೆಗೆದರು ಮಾವ. ಹೆಂಡತಿಯ ಸೀರೆ ಎಲ್ಲ ಮಂಚದ ಮೇಲೆ ಹಾಕಿದರು. ಒಂದೊಂದನ್ನೇ ಮಡಿಸ್ತಿದ್ದಾರೆ. ಮಡಿಸೋಕೆ ಬರ್ತಿಲ್ಲ..."

ಅಪ್ಪ ಹೋದ ಹದಿನೈದು ದಿನಕ್ಕೆ ಅಮ್ಮ ಅವರ ಅಂಗಿಗಳನ್ನು ಒಗೆದು, ಇಸ್ತ್ರಿ ಮಾಡಿಸಿ, ಮಡಿಸಿ, ಬೀರುವಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟಿದ್ದಳು. ಯಾಕೆ ಅಂತ ನಾವು ಯಾರೂ ಕೇಳಿರಲಿಲ್ಲ. ತೆರೆಯ ಮೇಲೆ ಆ ಮನುಷ್ಯ ಇನ್ನೂ ಸೀರೆ ಮಡಿಸುತ್ತಿದ್ದ. ನನಗೆ ಹೇಳಲಾಗಲಿಲ್ಲ. ಮಾವ ತಡವಿ ನನ್ನ ತೋಳು ಹುಡುಕಿ, ಮೆಲ್ಲಗೆ ತಟ್ಟಿದರು. "ಬುಡವ್ವ. ಆಮ್ಯಾಕೆ ಯೋಳೀಯಂತೆ."

ಸಿನಿಮಾ ಬಿಟ್ಟ ಮೇಲೆ ಟಾಕೀಸಿನ ಗೇಟಿನ ಪಕ್ಕ ನಿಂತು ಆ ದೃಶ್ಯವನ್ನು ಪೂರ್ತಿ ಹೇಳಿದೆ. ಅಪ್ಪನ ಅಂಗಿಗಳ ವಿಷಯವನ್ನೂ ಹೇಳಿದೆ. ನನ್ನ ಗಂಡನಿಗೂ ಅದನ್ನು ಹೇಳಿರಲಿಲ್ಲ. ಮಾವ ಕೇಳಿ, "ನಡಿ, ನಿಮ್ಮವ್ವುನ್ನ ಮಾತಾಡುಸಾಣ. ಬಂದಾಗಿಂದ ನಾನ್ ಸರ್ಯಾಗ್ ಮಾತೇ ಆಡ್ನಿಲ್ಲ" ಅಂದರು. ಆ ರಾತ್ರಿ ಊಟದ ಹೊತ್ತಿನಲ್ಲಿ ಮಾವ, ನಮ್ಮಪ್ಪ ಒಂದು ಸಲ ತಮ್ಮ ಬಸ್ಸಿನಲ್ಲೇ ನಿದ್ದೆ ಹೋಗಿ ಮಂಡ್ಯದವರೆಗೂ ಹೋಗಿದ್ದ ಕತೆಯನ್ನು ಅಮ್ಮನಿಗೆ ಹೇಳಿದರು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು.

ಆ ಸಿನಿಮಾ ತುಂಬ ನಿಧಾನ ಅಂತ ವಿಮರ್ಶಕರು ಬರೆದಿದ್ದರು. ಓದಿ ಹೇಳಿದಾಗ ಮಾವ ಒಪ್ಪಿದರು. "ನಿಧಾನವೇ. ಆದ್ರೆ ಊರು ಸೇರುಸ್ತಲ್ಲ" ಅಂದರು. ಆ ವಾರದ ವಿಮರ್ಶೆಯನ್ನು ನಾನು ಅದೇ ಮಾತಿನಿಂದ ಮುಗಿಸಿದೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ನಮ್ಮ ಶುಕ್ರವಾರಕ್ಕೆ ಪಿಯು ಪರೀಕ್ಷೆಯ ಮೌಲ್ಯಮಾಪನ ಅಡ್ಡ ಬಂತು. ಉತ್ತರ ಪತ್ರಿಕೆ ತಿದ್ದಲು ನಾನು ಮೈಸೂರಿಗೆ ಹೋಗಬೇಕಾಯಿತು. ಆ ವಾರವೇ ಮಾವ ಕಾಯುತ್ತಿದ್ದ ಪತ್ತೇದಾರಿ ಸಿನಿಮಾ ಬಿಡುಗಡೆ. ಬಂದ ಮೇಲೆ ನೋಡೋಣ ಅಂದೆ. "ಅಷ್ಟೊತ್ಗೆ ಕೊಲೆ ಮಾಡ್ದೋನು ಯಾರು ಅಂತ ಬೀದಿಗೆಲ್ಲ ಗೊತ್ತಾಗೋಗಿರ್ತದೆ" ಅಂತ ಅವರು ಮುಖ ಸಣ್ಣ ಮಾಡಿಕೊಂಡರು.

ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. "ನಾನೇ ಕರ್ಕೊಂಡೋಯ್ತೀನಿ ಬುಡು."

ಮಾವ ಅವರ ದನಿಯ ಕಡೆ ತಿರುಗಿ, "ನೀನಾ?" ಅಂದರು.

"ಯಾಕೆ, ನಂಗೆ ಕಣ್ಣಿಲ್ವಾ?" ಅಂದರು ಅತ್ತೆ.

ಶುಕ್ರವಾರ ಸಂಜೆ ಮೈಸೂರಿನಿಂದ ಫೋನು ಮಾಡಿದೆ. ಇಬ್ಬರೂ ಬಂದು ಮನೆಯಲ್ಲಿದ್ದರು. ಮಾವ ಹುರುಪಿನಲ್ಲಿ ಕತೆ ಹೇಳಿದರು. ಒಬ್ಬ ದೊಡ್ಡ ಮನೆಯ ಯಜಮಾನ ಕೊಲೆಯಾಗುತ್ತಾನೆ. ಡಾಕ್ಟರ ಮೇಲೆ, ಭಾಮೈದನ ಮೇಲೆ, ಅಡುಗೆಯವಳ ಮೇಲೆ ಎಲ್ಲರ ಮೇಲೂ ಅನುಮಾನ. "ಕೊನೆಗೆ ನೋಡುದ್ರೆ ಆ ಭಾಮೈದ್ನೇ ಕಣವ್ವ! ನಿಮ್ಮತ್ತೆ ಇಂಟರ್‌ವಲ್ಲಿಗೆ ಮುಂಚೇನೇ ಯೋಳುದ್ಲು. ಆ ಡಾಕ್ಟ್ರು ಪಾಪ, ಮಾನಸ್ತ. ಅವ್ನುನ್ನ ಉಳುಸಾಕೆ ತಾನೇ ಒಪ್ಕೊಂಡು ಜೈಲಿಗೋದ."

ಭಾನುವಾರ ಊರಿಗೆ ಬಂದವಳೇ ಹೋಗಿ ಆ ಸಿನಿಮಾ ನೋಡಿದೆ. ಕೊಲೆ ಮಾಡಿದ್ದು ಡಾಕ್ಟರೇ. ಸಿಕ್ಕಿಬಿದ್ದು, ಅತ್ತು, ಒಪ್ಪಿಕೊಂಡು ಜೈಲಿಗೆ ಹೋಗುತ್ತಾನೆ. ಭಾಮೈದ ಯಾವ ತಪ್ಪೂ ಮಾಡಿರಲಿಲ್ಲ. ಮನೆಗೆ ಬಂದು ಅತ್ತೆಯನ್ನು ಕೇಳಿದೆ.

"ಅವ್ನು ಒಪ್ಕೊಂಡ. ಒಪ್ಕೊಂಡ್ರೆ ನಂಬ್ಬುಡೋದಾ?" ಅಂದರು ಅತ್ತೆ. "ಆ ಭಾಮೈದುನ್ನ ನೋಡ್ದಾ ನೀನು? ಸತ್ತ ಮನೇಲಿ ಕುಂತ್ಕೊಂಡು ಎರಡು ಸಲಿ ಅನ್ನ ಆಕುಸ್ಕೊಂಡ. ಅವ್ನೇ. ನಿಂಗೆ ಗೊತ್ತಾಗಾಕಿಲ್ಲ."

ನಾನು ಮಾವನಿಗೆ ನಿಜವನ್ನು ಹೇಳಿದೆ. ಅವರು ಯೋಚಿಸಿ, ದನಿ ತಗ್ಗಿಸಿ ಹೇಳಿದರು. "ನೀನ್ ಯೋಳಾದು ಸರಿ ಇರಬೌದು ಕಣವ್ವ. ಆದ್ರೆ ಅವ್ಳು ಯೋಳುದ್ದು ಚೆಂದಾಗಿತ್ತು."

ಸುಳ್ಳು ಯಾಕೆ, ನನಗೆ ಸಣ್ಣ ಹೊಟ್ಟೆಕಿಚ್ಚಾಯಿತು. ಅಷ್ಟು ತಿಂಗಳು ಪ್ರಾಮಾಣಿಕವಾಗಿ ಹೇಳಿದವಳು ನಾನು.

ಅದಾದ ಮೇಲೆ ಒಂದು ಮಧ್ಯಾಹ್ನ ಅತ್ತೆಯ ಜೊತೆ ರಾಗಿ ಕೇರುತ್ತಾ ಕೂತಿದ್ದಾಗ, ಇಷ್ಟು ವರ್ಷ ಯಾಕೆ ಸಿನಿಮಾಗೆ ಹೋಗಲಿಲ್ಲ ಅಂತ ಕೇಳಿದೆ. ಅತ್ತೆ ಮೊರ ನಿಲ್ಲಿಸಲಿಲ್ಲ. "ಮದ್ವೆ ಆದ ಒಸದ್ರಲ್ಲಿ ಮಂಡ್ಯಕ್ಕೆ ಕರ್ಕೊಂಡೋಗಿದ್ರು. ಮೊದಲ್ನೇ ಸಲ ಇಬ್ರೇ ಓಗಿದ್ದು. ಒಸ ಸೀರೆ ಉಟ್ಟಿದ್ದೆ. ಪಿಚ್ಚರ್ ಸುರುವಾಗಿದ್ದೇ ತಡ, ಮುಗಿಯೋಗಂಟ ನನ್ ಕಡೆ ತಿರುಗಿ ಒಂದು ಮಾತ್ ಆಡ್ನಿಲ್ಲ ಕಣಮ್ಮಿ. ನಾನ್ ಇವ್ನಿ ಅನ್ನೋದೇ ಮರ್ತಿದ್ರು. ಇನ್ನೊಂದ್ಸಲ ಬರಾಕಿಲ್ಲ ಅಂತ ಅವತ್ತೇ ಅಂದ್ಕೊಂಡೆ." ಮೊರದ ಹೊಟ್ಟನ್ನು ಊದಿ, "ಈಗ ಅಂಗಲ್ಲ. ಈಗ ನಾನ್ ಯೋಳುದ್ರೆ ಮಾತ್ರ ಪಿಚ್ಚರ್ರು" ಅಂದರು. ಅವರ ಮುಖ ಕೆಂಪಗಾಗಿತ್ತು.

ಮುಂದಿನ ಶುಕ್ರವಾರ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅತ್ತೆ ಮಲ್ಲಿಗೆ ಮುಡಿದು, ರೇಷ್ಮೆ ಅಂಚಿನ ಸೀರೆ ಉಟ್ಟು ಜಗಲಿಯ ಮೇಲೆ ಮಾವನ ಪಕ್ಕದಲ್ಲಿ ಕೂತಿದ್ದರು. ಮೂವರೂ ಹೋದೆವು. ನಾನು ಮಾವನ ಬಲಗಡೆ, ಅತ್ತೆ ಎಡಗಡೆ. ಸಿನಿಮಾ ಶುರುವಾದ ಮೇಲೆ ಇಬ್ಬರೂ ಹೇಳತೊಡಗಿದೆವು. ಸ್ವಲ್ಪ ಹೊತ್ತಿನಲ್ಲೇ ಮಾವ ಎರಡೂ ಕೈ ಎತ್ತಿದರು.

"ಎರಡು ಕಿವಿಗೆ ಎರಡು ಪಿಚ್ಚರ್ ಬುಟ್ರೆ ನಾನ್ ಎಲ್ಲಿಗೋಗ್ಲಿ? ಒಬ್ರು ಯೋಳಿ."

ಯಾರು ಅಂತ ಅವರು ಹೇಳಲಿಲ್ಲ. ಆದರೆ ಅತ್ತೆ ಆಗಲೇ ಅವರ ಕಡೆ ವಾಲಿ, ಸೆರಗನ್ನು ಬಾಯಿಗೆ ಮರೆಮಾಡಿ ಹೇಳಲು ಶುರುಮಾಡಿದ್ದರು. ನಾನು ನೆಟ್ಟಗೆ ಕೂತೆ. ಬಹಳ ದಿನಗಳ ಮೇಲೆ ಸಿನಿಮಾವನ್ನು ಸುಮ್ಮನೆ ನೋಡುವ ಅವಕಾಶ ಸಿಕ್ಕಿತ್ತು. ನೋಡಲು ಮಾತ್ರ ಆಗಲಿಲ್ಲ, ಕಿವಿಯೆಲ್ಲ ಅತ್ತೆಯ ಕಡೆಗೇ ಇತ್ತು.

ಈಗ ಅವರಿಬ್ಬರೂ ಒಂದು ಸಾಲಿನಲ್ಲಿ, ನಾನು ಅವರ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನನ್ನ ಕೆಲಸ ನಾನು ಮಾಡಬೇಕಲ್ಲ. ಮಾವ ಮನೆಯಲ್ಲೂ ಮಾತಾಡುತ್ತಾರೆ. ಶನಿವಾರ ಬೆಳಿಗ್ಗೆ ಪೇಪರ್ ಓದುವ ಹೊತ್ತಿಗೆ ಪಕ್ಕದ ಮನೆಯವರೂ ಬಂದು ಜಗಲಿಯ ಮೇಲೆ ಕೂರುತ್ತಾರೆ. ನಾನು ಬರೆದದ್ದಕ್ಕಿಂತ ಅತ್ತೆ ಏನು ಹೇಳುತ್ತಾರೆ ಅಂತ ಕೇಳಿಕೊಂಡು ಸಿನಿಮಾಗೆ ಹೋಗುವವರು ನಮ್ಮ ಬೀದಿಯಲ್ಲಿ ಜಾಸ್ತಿ.

ಹೋದ ವಾರದ್ದು ಪ್ರೇಮಕತೆ. ನಾಯಕಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು ದೂರಕ್ಕೆ ನೋಡುತ್ತಿದ್ದಳು. ಹಾಡು ಬರುತ್ತಿತ್ತು. ಅತ್ತೆ ಹೇಳುತ್ತಿದ್ದರು. "ನಿಂತವ್ಳೆ. ನಗ್ತಾವ್ಳೆ. ಒಲೆ ಮ್ಯಾಲೆ ಏನೋ ಐತೆ, ಅದ್ರ ಕಡೆ ಗ್ಯಾನವೇ ಇಲ್ಲ. ಸೀದೋಯ್ತದೆ ನೋಡಿ ಈಗ." ಮಾವನ ಭುಜ ನಗುವಿಗೆ ಅಲುಗುತ್ತಿತ್ತು. ಅದನ್ನು ನೋಡುತ್ತಾ ನಾನು ತೆರೆಯನ್ನು ಮರೆತೆ. ಮುಂದೆ ಆ ಹುಡುಗಿ ಊರು ಬಿಟ್ಟು ಹೋದದ್ದು ಯಾಕೆ ಅಂತಲೇ ನನಗೆ ತಿಳಿಯಲಿಲ್ಲ.

ಮನೆಗೆ ಬಂದು ಬರೆಯಲು ಕೂತು, "ಅತ್ತೆ, ಅವಳು ಊರು ಬಿಟ್ಟಿದ್ದು ಯಾಕೆ?" ಅಂತ ಕೇಳಿದೆ.

"ಅವ್ರಪ್ಪ ಒಪ್ನಿಲ್ವಲ್ಲ" ಅಂದರು ಮಾವ.

"ಅಪ್ಪ ಒಪ್ಪಿದ್ದ. ಇವ್ಳಿಗೇ ಮನಸಿರ್ನಿಲ್ಲ. ಅವ್ಳ ಮೊಕ ನಾನ್ ನೋಡ್ನಿಲ್ವಾ?" ಅಂದರು ಅತ್ತೆ.

"ನೀನ್ ನಂಗೆ ಅಂಗ್ ಯೋಳ್ನಿಲ್ಲ."

"ಯೋಳ್ದೆ. ನೀವ್ ನಗ್ತಾ ಇದ್ರಿ."

ಇಬ್ಬರೂ ವಾದಿಸುತ್ತಾ ಅಡುಗೆಮನೆಗೆ ಹೋದರು. ಮಾವನ ಕೈ ಅತ್ತೆಯ ಭುಜದ ಮೇಲಿತ್ತು. ನಾನು ವಿಮರ್ಶೆಯ ಮೊದಲ ಸಾಲು ಬರೆದು, ನಾಯಕಿ ಊರು ಬಿಡುವ ಕಾರಣವನ್ನು ಪ್ರೇಕ್ಷಕರ ತೀರ್ಮಾನಕ್ಕೆ ಬಿಡಲಾಗಿದೆ ಅಂತ ಸೇರಿಸಿದೆ.